ತೇಲುವ ಸಾಧನದ ಅಲುಗಾಟದಿಂದ ಸಮುದ್ರದ ಅಲೆಗಳ ಅಂದಾಜು: ಆಲಮಟ್ಟಿಯಲ್ಲಿ ಪರೀಕ್ಷಿಸಿ ಕಾರವಾರಕ್ಕೆ ಒಯ್ಯುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ಅಲೆ ಅಳೆಯುವ ತೇಲುಬುರುಡೆಯನ್ನು ಮಾಡಿದಾಗ ಸಾಮಾನ್ಯವಾಗಿ ಒಂದೇ ಕಡೆ ಮುಗ್ಗರಿಸುತ್ತಾರೆ. ಹೊಂಡದಲ್ಲಿ ಅದು ಚೆನ್ನಾಗಿ ಕುಣಿಯುತ್ತದೆ, ಗ್ರಾಫ್ ಕೂಡ ಅಂದವಾಗಿ ಬರುತ್ತದೆ. ಆದರೆ ಕಾರವಾರದ ನೀರಿಗೆ ಇಳಿಸಿದ ಕೂಡಲೇ, ಕಣ್ಣಿಗೆ ಒಂದು ಮೀಟರ್ ಕೂಡ ಕಾಣದ ಅಲೆಗೆ ಆರು ಮೀಟರ್ ಎಂಬ ಉತ್ತರ ಕೊಡುತ್ತದೆ. ದೋಷ ಸೆನ್ಸರಿನದೆಂದು ಭಾವಿಸಿ ಹೆಚ್ಚು ಬೆಲೆಯ ಸೆನ್ಸರ್ ತಂದರೂ ಉತ್ತರ ಬದಲಾಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಲೆಕ್ಕ ಮಾಡುವ ಕ್ರಮದಲ್ಲಿ. ಆ ತಪ್ಪನ್ನು ಸಮುದ್ರಕ್ಕೆ ಹೋಗುವ ಮೊದಲೇ ಹಿಡಿಯಬಹುದು. ಅದಕ್ಕೆ ಕಡಲಿಲ್ಲದ ನಮ್ಮ ಜಿಲ್ಲೆಗಳೇ ಹೆಚ್ಚು ಅನುಕೂಲವೆಂಬುದು 7ನೇ ಹಂತದಲ್ಲಿ ತಿಳಿಯುತ್ತದೆ.

ಬೇಕಾಗುವ ಸಾಮಗ್ರಿ

ಆಕ್ಸೆಲೆರೋಮೀಟರ್ (ವೇಗೋತ್ಕರ್ಷ ಅಳೆಯುವುದು), ಜೈರೋಸ್ಕೋಪ್ (ತಿರುಗುವಿಕೆ ಅಳೆಯುವುದು) ಮತ್ತು ಮ್ಯಾಗ್ನೆಟೋಮೀಟರ್ (ದಿಕ್ಸೂಚಿಯಂತೆ ದಿಕ್ಕು ತೋರುವುದು) ಮೂರೂ ಇರುವ ಸೆನ್ಸರ್, ಮೆಮೊರಿ ಕಾರ್ಡಿಗೆ ಬರೆಯುವ ಚಿಕ್ಕ ಬೋರ್ಡ್, ಬ್ಯಾಟರಿ, ರಬ್ಬರ್ ವಾಷರ್ ಇರುವ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಎಂ-ಸೀಲ್, ತೇಲಲು ಥರ್ಮಾಕೋಲ್ ಅಥವಾ ಟ್ಯೂಬ್, ತಳಭಾರಕ್ಕೆ ಕಬ್ಬಿಣದ ತುಂಡು, ನೈಲಾನ್ ಹಗ್ಗ ಇಷ್ಟಿದ್ದರೆ ಸಾಕು. ಲೆಕ್ಕಕ್ಕೆ ಪೈಥಾನ್ ಅಥವಾ ಆಕ್ಟೇವ್ ಬಳಸಬಹುದು. ಎಂಪಿಯು-6050 ಎಂಬ ಸೆನ್ಸರಿನಲ್ಲಿ ಮ್ಯಾಗ್ನೆಟೋಮೀಟರ್ ಇಲ್ಲ. ಅಲೆಯ ಎತ್ತರ ಮತ್ತು ಅವಧಿ (ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಹಿಡಿಯುವ ಸಮಯ) ಮಾತ್ರ ಬೇಕಿದ್ದರೆ ಅದು ಸಾಕು, ದಿಕ್ಕೂ ಬೇಕಿದ್ದರೆ ಸಾಲದು.

ಹಂತ 1: ನಿಮ್ಮ ಬುರುಡೆಗೆ ಯಾವ ಅಲೆ ಕಾಣುತ್ತದೆ ಎಂದು ಮೊದಲು ನಿರ್ಧರಿಸಿ

ಆಳವಾದ ನೀರಿನಲ್ಲಿ ಅಲೆಯ ಉದ್ದವು ಅದರ ಅವಧಿಯ ವರ್ಗವನ್ನು 1.56ರಿಂದ ಗುಣಿಸಿದಷ್ಟು ಮೀಟರ್ ಇರುತ್ತದೆ. ಈ ಲೆಕ್ಕದಲ್ಲಿ 2 ಸೆಕೆಂಡಿನ ಅಲೆಯ ಉದ್ದ ಸುಮಾರು 6 ಮೀಟರ್, 10 ಸೆಕೆಂಡಿನ ಅಲೆಯದು 156 ಮೀಟರ್. ತೇಲುವ ವಸ್ತುವಿನ ಅಗಲ ಅಲೆಯ ಉದ್ದದ ಐದನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅದು ನೀರಿನ ಮೇಲ್ಮೈಯನ್ನು ಬಹುಮಟ್ಟಿಗೆ ನಿಷ್ಠೆಯಿಂದ ಹಿಂಬಾಲಿಸುತ್ತದೆ. ಅಗಲ ಹೆಚ್ಚಾದಂತೆ ಅದರ ಒಂದು ತುದಿ ಶಿಖರದಲ್ಲಿಯೂ ಇನ್ನೊಂದು ತಗ್ಗಿನಲ್ಲಿಯೂ ಇದ್ದು, ಅಲೆಯ ಎತ್ತರ ಸರಾಸರಿಯಲ್ಲಿ ಕರಗಿಹೋಗುತ್ತದೆ. 40 ಸೆಂಟಿಮೀಟರ್ ಅಗಲದ ಬುರುಡೆಗೆ ಸುಮಾರು 1.1 ಸೆಕೆಂಡಿಗಿಂತ ದೀರ್ಘ ಅವಧಿಯ ಅಲೆಗಳೆಲ್ಲ ಸರಿಯಾಗಿ ಕಾಣುತ್ತವೆ.

ಎರಡನೆಯದು ಬುರುಡೆಯ ಸ್ವಂತ ಕುಣಿತ. ನಿಂತ ನೀರಿನಲ್ಲಿ, ಉದಾಹರಣೆಗೆ ಕೃಷಿ ಹೊಂಡದಲ್ಲಿ, ಅದನ್ನು ಕೈಯಿಂದ ಕೆಳಕ್ಕೆ ಒತ್ತಿ ಬಿಟ್ಟು ಮೊಬೈಲಿನಲ್ಲಿ ವಿಡಿಯೊ ತೆಗೆದು, ಒಂದು ಏರಿಳಿತಕ್ಕೆ ಎಷ್ಟು ಸಮಯ ಹಿಡಿಯುತ್ತದೆಂದು ಅಳೆಯಿರಿ. ನೇರ ಗೋಡೆಯ ಬುರುಡೆ 15 ಸೆಂಟಿಮೀಟರ್ ಮುಳುಗಿದ್ದರೆ ಇದು ಸುಮಾರು 0.8 ಸೆಕೆಂಡ್ ಇರುತ್ತದೆ, ಜೊತೆಗೆ ಅಲುಗುವ ನೀರಿನ ಭಾರದಿಂದ ಇನ್ನೂ ಸ್ವಲ್ಪ ಹೆಚ್ಚಾಗುತ್ತದೆ. ಒಂದು ಮೀಟರ್ ಮುಳುಗುವ ಉದ್ದನೆಯ ಪಿವಿಸಿ ಪೈಪಿನಲ್ಲಿ ಇದು 2 ಸೆಕೆಂಡಿಗೆ ಹೋಗುತ್ತದೆ. ಆಲಮಟ್ಟಿಯ ಅಲೆಗಳ ಅವಧಿಯೂ ಹೆಚ್ಚುಕಡಿಮೆ ಅಷ್ಟೇ ಆಗಿರುವುದರಿಂದ, ಪೈಪ್ ತನ್ನದೇ ತಾಳಕ್ಕೆ ಕುಣಿದು ಅಲೆಯನ್ನು ದೊಡ್ಡದಾಗಿ ತೋರಿಸುತ್ತದೆ. ಆದ್ದರಿಂದ ನೋಡಲು ವೃತ್ತಿಪರವಾಗಿ ಕಾಣುವ ನೀಳ ಪೈಪಿಗಿಂತ ಕುಳ್ಳಗಿನ, ಅಗಲವಾದ ಬುರುಡೆಯೇ ಈ ಕೆಲಸಕ್ಕೆ ಮೇಲು.

ಹಂತ 2: ಸೆನ್ಸರ್ ಕೂರಿಸುವುದು ಮತ್ತು ಸಮಯ ಕಾಯುವುದು

ಸೆನ್ಸರ್ ಬುರುಡೆಯ ನಡುವಿನಲ್ಲಿ, ನೀರಿನ ಮಟ್ಟಕ್ಕೆ ಹತ್ತಿರವಾಗಿ ಇರಬೇಕು. ಅಂಚಿಗೆ ಅಂಟಿಸಿದರೆ ಬುರುಡೆ ಓಲಾಡುವುದೂ ಏರಿಳಿತವಾಗಿಯೇ ದಾಖಲಾಗುತ್ತದೆ.

ಸೆಕೆಂಡಿಗೆ 50 ಸಲ ಓದಿ, ನಂತರ ಲೆಕ್ಕದಲ್ಲಿ ವೇಗದ ಕಂಪನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಹಾಕಿ ಸೆಕೆಂಡಿಗೆ 4 ಸಲಕ್ಕೆ ಇಳಿಸಿಕೊಳ್ಳಿ. ನೇರವಾಗಿ 4 ಸಲ ಮಾತ್ರ ಓದಿದರೆ, ಡಬ್ಬಿಗೆ ನೀರು ಬಡಿಯುವ ತಟತಟ ಸದ್ದಿನ ಕಂಪನಗಳು ನಿಧಾನ ಅಲೆಗಳ ವೇಷ ಹಾಕಿ ಒಳಗೆ ಬರುತ್ತವೆ.

ಇಲ್ಲಿ ಬಹಳ ಜನರು ಮಾಡುವ ತಪ್ಪೆಂದರೆ, ಪ್ರೋಗ್ರಾಮಿನಲ್ಲಿ 20 ಮಿಲಿಸೆಕೆಂಡಿನ ಡಿಲೇ ಹಾಕಿ, ಓದುವಿಕೆ ಸರಿಯಾಗಿ 50 ಸಲ ಆಗುತ್ತಿದೆಯೆಂದು ನಂಬುವುದು. ಮೆಮೊರಿ ಕಾರ್ಡಿಗೆ ಬರೆಯುವಾಗ ಬೋರ್ಡ್ ಆಗಾಗ ತಡೆದು ನಿಲ್ಲುತ್ತದೆ. ಆ ತಡೆಗಳು ಲೆಕ್ಕಕ್ಕೆ ಸಿಗದೆ ಅಲೆಯ ಅವಧಿಯೇ ತಪ್ಪಾಗುತ್ತದೆ. ಪ್ರತಿ ಓದಿಗೂ ಸಮಯದ ಮುದ್ರೆ ಹಾಕಿ, ನಂತರ ಸಮ ಅಂತರಕ್ಕೆ ಹೊಂದಿಸಿಕೊಳ್ಳಬೇಕು. ಎರಡು ಸಾಲುಗಳ ನಡುವೆ ಅರ್ಧ ಸೆಕೆಂಡಿಗಿಂತ ದೊಡ್ಡ ಬಿಡುವು ಕಂಡರೆ ಆ ದಾಖಲೆಯನ್ನು ಬಳಸಬೇಡಿ.

ಹಂತ 3: ವಾಲುವಿಕೆಯನ್ನು ಸರಿಪಡಿಸುವುದು

ಈ ಹಂತವನ್ನು ನಿಧಾನವಾಗಿ ಓದಿ, ಏಕೆಂದರೆ ಆರು ಮೀಟರಿನ ಸುಳ್ಳು ಅಲೆ ಹುಟ್ಟುವುದು ಇಲ್ಲಿಯೇ.

ಒಂದು ಮೀಟರ್ ಎತ್ತರದ, 10 ಸೆಕೆಂಡಿನ ಸ್ವೆಲ್ (ದೂರದ ಗಾಳಿಯಿಂದ ಹುಟ್ಟಿ ಬರುವ ದೀರ್ಘ ಅವಧಿಯ ಅಲೆ) ಬುರುಡೆಗೆ ಕೊಡುವ ವೇಗೋತ್ಕರ್ಷ ಹೆಚ್ಚೆಂದರೆ 0.2 ಮೀ/ಸೆ², ಅಂದರೆ ಗುರುತ್ವದ ಐವತ್ತನೇ ಒಂದು ಭಾಗ. ಬುರುಡೆ 10 ಡಿಗ್ರಿ ವಾಲಿ ನಿಂತರೆ ಅದರ ಲಂಬ ಅಕ್ಷದಲ್ಲಿ ಗುರುತ್ವವು ಸುಮಾರು 0.15 ಮೀ/ಸೆ² ಕಡಿಮೆಯಾಗಿ ಕಾಣುತ್ತದೆ. ಅಳೆಯಬೇಕಾದ ಅಲೆಯಷ್ಟೇ ದೊಡ್ಡ ತಪ್ಪು ಒಂದು ಸಣ್ಣ ವಾಲುವಿಕೆಯಿಂದ ಬರುತ್ತದೆ ಎಂದಾಯಿತು.

ಹಾಗಾದರೆ ಆಕ್ಸೆಲೆರೋಮೀಟರಿನ ಮೂರು ಅಕ್ಷಗಳಿಂದಲೇ ವಾಲುವಿಕೆಯನ್ನು ಲೆಕ್ಕ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಮೇಜಿನ ಮೇಲೆ ಅದು ಸರಿ, ಅಲೆಯ ಮೇಲೆ ಅಲ್ಲ. ನೀರಿನ ಮೇಲ್ಮೈಯನ್ನು ಹಿಂಬಾಲಿಸುವ ವಸ್ತುವಿಗೆ ಗುರುತ್ವ ಮತ್ತು ಅಲೆಯ ವೇಗೋತ್ಕರ್ಷ ಎರಡೂ ಕೂಡಿದ ಬಲ ಸದಾ ಮೇಲ್ಮೈಗೆ ಲಂಬವಾಗಿಯೇ ಇರುತ್ತದೆ. ಆದ್ದರಿಂದ ಬುರುಡೆ ಅಲೆಯ ಇಳಿಜಾರಿನಲ್ಲಿ ಎಷ್ಟೇ ವಾಲಿರಲಿ, ಆಕ್ಸೆಲೆರೋಮೀಟರ್ ತಾನು ಸಮತಟ್ಟಾಗಿದ್ದೇನೆಂದೇ ಹೇಳುತ್ತದೆ. ದೋಣಿಯಲ್ಲಿ ಲೋಟದ ನೀರು ಅಲೆಯ ಇಳಿಜಾರಿಗೆ ಸಮಾನಾಂತರವಾಗಿ ನಿಲ್ಲುವುದಕ್ಕೂ ಇದೇ ಕಾರಣ.

ಪರಿಣಾಮ ಮೊದಲ ನೋಟಕ್ಕೆ ಚಿಕ್ಕದು. ವಾಲುವಿಕೆಯನ್ನು ಸರಿಪಡಿಸದಿದ್ದರೆ ಲಂಬ ಓದಿಗೆ ಅಡ್ಡ ವೇಗೋತ್ಕರ್ಷದ ವರ್ಗಕ್ಕೆ ಅನುಗುಣವಾದ ಒಂದು ಹೆಚ್ಚುವರಿ ಭಾಗ ಸೇರಿಕೊಳ್ಳುತ್ತದೆ. ಆದರೆ ಗಾಳಿಯ ಅಲೆಗಳು ಗುಂಪುಗುಂಪಾಗಿ ಬರುವುದರಿಂದ ಈ ಹೆಚ್ಚುವರಿ ಭಾಗವೂ ಗುಂಪಿನ ಲಯದಲ್ಲಿ ನಿಧಾನವಾಗಿ ಏರಿಳಿಯುತ್ತದೆ. ಗುಂಪು 25 ಸೆಕೆಂಡಿಗೊಮ್ಮೆ ಬಂದು, ಆ ಏರಿಳಿತ ಕೇವಲ 0.03 ಮೀ/ಸೆ² ಇದ್ದರೂ, ಸ್ಥಾನಪಲ್ಲಟಕ್ಕೆ ಬದಲಾಯಿಸಿದಾಗ ಸುಮಾರು ಒಂದು ಮೀಟರ್ ಎತ್ತರದ, ಇಲ್ಲದೇ ಇರುವ ಸ್ವೆಲ್ ಹುಟ್ಟುತ್ತದೆ. ದೊಡ್ಡ ಅಲೆಗಳಲ್ಲ, ಮೊಟಕಾದ ಕಿರು ಅಲೆಗಳೇ ಈ ಸುಳ್ಳಿನ ಮೂಲ ಎಂಬುದನ್ನು ಗಮನಿಸಿ.

ಪರಿಹಾರ ಜೈರೋಸ್ಕೋಪ್. ಅದು ತಿರುಗುವಿಕೆಯನ್ನಷ್ಟೇ ನೋಡುವುದರಿಂದ ಅಲೆಯ ವೇಗೋತ್ಕರ್ಷಕ್ಕೆ ಮರುಳಾಗುವುದಿಲ್ಲ, ಆದರೆ ನಿಧಾನವಾಗಿ ಜಾರುತ್ತದೆ. ಹಾಗಾಗಿ ಕ್ಷಣಕ್ಷಣದ ವಾಲುವಿಕೆಯನ್ನು ಜೈರೋಸ್ಕೋಪಿನಿಂದ ತೆಗೆದುಕೊಂಡು, ಅದರ ಜಾರುವಿಕೆಯನ್ನು ಮಾತ್ರ ಆಕ್ಸೆಲೆರೋಮೀಟರಿನ ದೀರ್ಘ ಸರಾಸರಿಯಿಂದ ತಿದ್ದುವ ಕಾಂಪ್ಲಿಮೆಂಟರಿ ಫಿಲ್ಟರ್ ಬೇಕು. ಡ್ರೋನ್‌ಗೆಂದು ಬರೆದ ಕೋಡಿನಲ್ಲಿ ಸಾಮಾನ್ಯವಾಗಿ 0.98 ಮತ್ತು 0.02 ಎಂಬ ಗುಣಾಂಕಗಳಿರುತ್ತವೆ. ಸೆಕೆಂಡಿಗೆ 100 ಓದಿಗೆ ಇದು ಕೇವಲ ಅರ್ಧ ಸೆಕೆಂಡಿನ ನೆನಪು, ಅಂದರೆ ಫಿಲ್ಟರ್ ಮತ್ತೆ ಆಕ್ಸೆಲೆರೋಮೀಟರಿನ ಮಾತನ್ನೇ ಕೇಳುತ್ತದೆ. ಅಲೆಗೆ 60 ಸೆಕೆಂಡಿನಷ್ಟು ನೆನಪು ಬೇಕು. ಸೆಕೆಂಡಿಗೆ 50 ಓದಿದ್ದರೆ ಗುಣಾಂಕ 0.9997ರ ಆಸುಪಾಸಿನಲ್ಲಿರುತ್ತದೆ. ಕೋಡನ್ನು ನಕಲು ಮಾಡಿದವರು ಈ ಒಂದು ಸಂಖ್ಯೆಯನ್ನು ಬದಲಿಸದೆ ಇಡೀ ಸೆಮಿಸ್ಟರ್ ಕಳೆಯುತ್ತಾರೆ.

ವಾಲುವಿಕೆ ತಿಳಿದ ಮೇಲೆ ಮೂರೂ ಅಕ್ಷಗಳನ್ನು ನಿಜವಾದ ಲಂಬ ಮತ್ತು ಎರಡು ಅಡ್ಡ ದಿಕ್ಕುಗಳಿಗೆ ತಿರುಗಿಸಿ, ಲಂಬದಿಂದ ಗುರುತ್ವವನ್ನು ಕಳೆಯಿರಿ.

ಹಂತ 4: ಎರಡು ಸಲ ಅನುಕಲನ ಮಾಡಬೇಡಿ, ಸ್ಪೆಕ್ಟ್ರಮ್ ತೆಗೆಯಿರಿ

ವೇಗೋತ್ಕರ್ಷವನ್ನು ಕಾಲಕ್ಕೆ ಎರಡು ಸಲ ಅನುಕಲಿಸಿದರೆ ಸ್ಥಾನ ಸಿಗುತ್ತದೆಂಬುದು ಪಠ್ಯಪುಸ್ತಕದ ಮಾತು. ನಿಜವಾದ ಸೆನ್ಸರಿನ ಅತಿ ಚಿಕ್ಕ ಸ್ಥಿರ ದೋಷವೂ ಹಾಗೆ ಮಾಡಿದಾಗ ಕಾಲದ ವರ್ಗದಷ್ಟು ಬೆಳೆದು, ನಿಮಿಷ ಕಳೆಯುವುದರೊಳಗೆ ಬುರುಡೆಯನ್ನು ಮುಗಿಲಿಗೇರಿಸುತ್ತದೆ. ಬದಲಿಗೆ, ಯಾವ ಆವರ್ತನದಲ್ಲಿ ಎಷ್ಟು ಏರಿಳಿತವಿದೆ ಎಂದು ತೋರಿಸುವ ಸ್ಪೆಕ್ಟ್ರಮನ್ನು ಈ ಕ್ರಮದಲ್ಲಿ ತೆಗೆಯಿರಿ.

ಸುಮಾರು 34 ನಿಮಿಷಗಳ, ಅಂದರೆ ಸೆಕೆಂಡಿಗೆ 4ರಂತೆ 8192 ಓದುಗಳ ದಾಖಲೆಯನ್ನು ತೆಗೆದುಕೊಂಡು ಸರಾಸರಿಯನ್ನು ಕಳೆಯಿರಿ. ಅದನ್ನು 1024 ಓದುಗಳ ತುಂಡುಗಳಾಗಿ, ಪ್ರತಿ ತುಂಡೂ ಹಿಂದಿನದರ ಅರ್ಧವನ್ನು ಹೊದೆಯುವಂತೆ ಕತ್ತರಿಸಿ, ತುಂಡಿನ ಎರಡೂ ತುದಿಗಳನ್ನು ಸೊನ್ನೆಗೆ ಇಳಿಸುವ ಹ್ಯಾನ್ ವಿಂಡೋ ಹಾಕಿ, ಪ್ರತಿಯೊಂದರ ಸ್ಪೆಕ್ಟ್ರಮ್ ತೆಗೆದು ಸರಾಸರಿ ಮಾಡಿ. ಇದೇ ವೆಲ್ಚ್ ವಿಧಾನ, ಪೈಥಾನಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಹೀಗೆ ಬಂದ ವೇಗೋತ್ಕರ್ಷದ ಸ್ಪೆಕ್ಟ್ರಮನ್ನು ಪ್ರತಿ ಆವರ್ತನದಲ್ಲಿಯೂ ‘2 × ಪೈ × ಆವರ್ತನ’ದ ನಾಲ್ಕನೇ ಘಾತದಿಂದ ಭಾಗಿಸಿದರೆ ನೀರಿನ ಮೇಲ್ಮೈಯ ಏರಿಳಿತದ ಸ್ಪೆಕ್ಟ್ರಮ್ ದೊರೆಯುತ್ತದೆ. ಅದರ ಕೆಳಗಿನ ಒಟ್ಟು ವಿಸ್ತೀರ್ಣದ ವರ್ಗಮೂಲವನ್ನು 4ರಿಂದ ಗುಣಿಸಿ. ಅದೇ ಗಣನೀಯ ಅಲೆ ಎತ್ತರ, ಅಂದರೆ ದಾಖಲೆಯಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿಗೆ ಬಹಳ ಹತ್ತಿರದ ಸಂಖ್ಯೆ. ಸ್ಪೆಕ್ಟ್ರಮ್ ಶಿಖರವಿರುವ ಆವರ್ತನದ ವಿಲೋಮವೇ ಶಿಖರ ಅವಧಿ.

ಆ ನಾಲ್ಕನೇ ಘಾತವೇ ಅಪಾಯದ ಜಾಗ. ಆವರ್ತನ ಅರ್ಧವಾದರೆ ದೋಷ 16 ಪಟ್ಟಾಗುತ್ತದೆ. ಆದ್ದರಿಂದ ಲೆಕ್ಕಕ್ಕೆ ತೆಗೆದುಕೊಳ್ಳುವ ಆವರ್ತನಕ್ಕೆ ಒಂದು ಕೆಳಮಿತಿ ಬೇಕೇ ಬೇಕು. ಸಮುದ್ರಕ್ಕೆ 0.04 ಹರ್ಟ್ಜ್, ಅಂದರೆ 25 ಸೆಕೆಂಡ್, ಸಮಂಜಸ. ಈ ಮಿತಿಯನ್ನು ದಾಖಲೆ ನೋಡುವ ಮೊದಲೇ ನಿಗದಿಪಡಿಸಿ. ಉತ್ತರ ಚೆಂದ ಬರುವವರೆಗೆ ಮಿತಿಯನ್ನು ಸರಿಸುತ್ತ ಹೋಗುವುದು ಅಳತೆಯಲ್ಲ.

ಎಚ್ಚರಿಕೆಯ ಗುರುತು: ಸ್ಪೆಕ್ಟ್ರಮಿನ ಗ್ರಾಫ್ ಎಡತುದಿಯತ್ತ ಇಳಿಯದೆ ಕೆಳಮಿತಿಯವರೆಗೂ ಗೋಡೆಯಂತೆ ಏರುತ್ತಲೇ ಹೋದರೆ, ಅಲ್ಲಿರುವುದು ಸ್ವೆಲ್ ಅಲ್ಲ. ನಿಜವಾದ ಸ್ವೆಲ್ ಎರಡೂ ಬದಿಗೆ ಇಳಿಜಾರಿರುವ ಗುಡ್ಡದಂತೆ ನಿಲ್ಲುತ್ತದೆ.

ಹಂತ 5: ಮೇಜಿನ ಮೇಲೆ ಸುಮ್ಮನಿಡುವ ಪರೀಕ್ಷೆ

ಸೆನ್ಸರನ್ನು ಕದಲದ ಮೇಜಿನ ಮೇಲೆ 34 ನಿಮಿಷ ಇಟ್ಟು, ಅದೇ ಪ್ರೋಗ್ರಾಮಿನಿಂದ ಅಲೆ ಎತ್ತರ ತೆಗೆಯಿರಿ. ಎಂಪಿಯು-6050ರ ಡೇಟಾಶೀಟಿನಲ್ಲಿರುವ ಗದ್ದಲದ (ನಾಯ್ಸ್) ಮಟ್ಟದಿಂದ, ಅಂದರೆ ಹರ್ಟ್ಜ್‌ನ ವರ್ಗಮೂಲಕ್ಕೆ 400 ಮೈಕ್ರೋ-ಜಿ ಎಂಬ ಸಂಖ್ಯೆಯಿಂದ, ಲೆಕ್ಕ ಹಾಕಿದರೆ 0.04 ಹರ್ಟ್ಜ್ ಕೆಳಮಿತಿಗೆ ಸುಮಾರು 3 ಸೆಂಟಿಮೀಟರ್ ಬರಬೇಕು. ಮಿತಿಯನ್ನು 0.01ಕ್ಕೆ ಇಳಿಸಿದರೆ ಅದೇ ಸೆನ್ಸರ್ ಮೇಜಿನ ಮೇಲೆಯೇ 23 ಸೆಂಟಿಮೀಟರಿನ ಅಲೆ ತೋರಿಸುತ್ತದೆ. ನಿಮಗೆ 10 ಸೆಂಟಿಮೀಟರಿಗಿಂತ ಹೆಚ್ಚು ಬಂದರೆ ಮುಂದಕ್ಕೆ ಹೋಗಬೇಡಿ. ಮೊದಲು ಬಿಸಿಯನ್ನು ಸಂಶಯಿಸಿ: ವಿಜಯಪುರದ ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಉಷ್ಣತೆ ಏರುತ್ತಿದ್ದರೆ ಸೆನ್ಸರಿನ ಸೊನ್ನೆ ಜಾರುತ್ತಲೇ ಇರುತ್ತದೆ. ನೀರಿಗಿಳಿಸಿದ ಮೇಲೂ ಮೊದಲ 20 ನಿಮಿಷಗಳ ದಾಖಲೆಯನ್ನು ಬಿಡುವುದು ಇದೇ ಕಾರಣಕ್ಕೆ.

ಹಂತ 6: ಗೊತ್ತಿರುವ ಚಲನೆಯ ಮೇಲೆ ಪರೀಕ್ಷೆ

ನಿಮಿಷಕ್ಕೆ 6 ಸುತ್ತು ತಿರುಗುವ ಗೇರ್ ಮೋಟರಿಗೆ ಅರ್ಧ ಮೀಟರ್ ಉದ್ದದ ತೋಳು ಕಟ್ಟಿ, ಅದರ ತುದಿಯಲ್ಲಿ ಸೆನ್ಸರ್ ಡಬ್ಬಿಯನ್ನು ಸದಾ ನೆಟ್ಟಗಿರುವಂತೆ ತೂಗುಹಾಕಿ. ಇದು 10 ಸೆಕೆಂಡಿನ, ಒಂದು ಮೀಟರ್ ಎತ್ತರದ ಅಲೆ. ಆಳ ನೀರಿನ ಅಲೆಯಲ್ಲಿ ಮೇಲ್ಮೈಯ ನೀರು ಸುತ್ತುವುದೂ ಹೀಗೆ ವೃತ್ತಾಕಾರವಾಗಿಯೇ.

ಇಲ್ಲಿ ಬಹುತೇಕರು ಗಾಬರಿಯಾಗುವ ಒಂದು ಸಂಗತಿಯಿದೆ. ಒಂದು ಮೀಟರಿನ ಜಾಗದಲ್ಲಿ ಪ್ರೋಗ್ರಾಮ್ 1.41 ಮೀಟರ್ ಎನ್ನುತ್ತದೆ. ಅದು ಸರಿಯಾದ ಉತ್ತರ. ನಾಲ್ಕರಿಂದ ಗುಣಿಸುವ ಸೂತ್ರವು ಹೆಚ್ಚುಕಡಿಮೆ ಎತ್ತರದ ಅಲೆಗಳು ಬೆರೆತ ಸಮುದ್ರಕ್ಕೆ ಹೊಂದುವಂಥದು. ಒಂದೇ ಎತ್ತರದ ಶುದ್ಧ ಅಲೆಗೆ ಅದು 2ರ ವರ್ಗಮೂಲದಷ್ಟು ಪಟ್ಟು ಹೆಚ್ಚು ಕೊಡುತ್ತದೆ. ಇದನ್ನರಿಯದೆ ಕೋಡಿನಲ್ಲಿ 0.71ರ ತಿದ್ದುಪಡಿ ಸೇರಿಸಿಬಿಟ್ಟರೆ ಸಮುದ್ರದ ಎಲ್ಲ ಅಳತೆಗಳೂ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗುತ್ತವೆ.

ಮೋಟರ್ ಸಿಗದಿದ್ದರೆ ಜಾತ್ರೆಗೆ ಹೋಗಿ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಅದರ ಆಸುಪಾಸಿನಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ. ಜೈಂಟ್ ವೀಲಿನ ವ್ಯಾಸವನ್ನು ನಡೆಸುವವರಿಂದ ಕೇಳಿಕೊಂಡು, ಸುತ್ತಿನ ಅವಧಿಯನ್ನು ಸ್ಟಾಪ್‌ವಾಚಿನಿಂದ ಅಳೆದು, ಸೆನ್ಸರನ್ನು ಸೀಟಿನ ಅಡಿಗೆ ಬಿಗಿದು ಕೂತರೆ ಅಷ್ಟು ಉದ್ದನೆಯ ಅವಧಿಯ ಚಲನೆ ಪ್ರಯೋಗಾಲಯದಲ್ಲಿಯೂ ಸುಲಭವಾಗಿ ಸಿಗದು. ಜನರನ್ನು ಹತ್ತಿಸಿ ಇಳಿಸಲು ನಿಲ್ಲಿಸುವ ಭಾಗವನ್ನು ಕತ್ತರಿಸಿ, ಸಮವೇಗದ ಸುತ್ತುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸೀಟು ಓಲಾಡುವುದರಿಂದ 3ನೇ ಹಂತದ ಪರೀಕ್ಷೆಯೂ ಜೊತೆಗೇ ಆಗುತ್ತದೆ. ಉತ್ತರ ಶೇಕಡಾ 5ರೊಳಗೆ ಹೊಂದಬೇಕು.

ಹಂತ 7: ಆಲಮಟ್ಟಿಯ ಹಿನ್ನೀರು ಏನು ಹೇಳುತ್ತದೆ

ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದ ಹಿನ್ನೀರಿನಲ್ಲಿ, ಐದು ಕಿಲೋಮೀಟರ್ ತೆರೆದ ನೀರಿನ ಮೇಲೆ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ನಿರಂತರವಾಗಿ ಬೀಸಿದರೆ, ಗಾಳಿ ಹರಿದ ದೂರದ ಸೂತ್ರಗಳ ಪ್ರಕಾರ ಸುಮಾರು 35 ಸೆಂಟಿಮೀಟರ್ ಎತ್ತರದ, ಎರಡು ಸೆಕೆಂಡಿಗಿಂತ ತುಸು ಹೆಚ್ಚಿನ ಅವಧಿಯ ಅಲೆ ಏಳುತ್ತದೆ. ಆಷಾಢದ ಗಾಳಿಯಲ್ಲಿಯೂ 5 ಸೆಕೆಂಡಿನ ಅಲೆ ಅಲ್ಲಿ ಹುಟ್ಟಲಾರದು.

ಇದನ್ನು ಕೊರತೆಯೆಂದು ತಿಳಿದು ಹಲವರು ಈ ಪರೀಕ್ಷೆಯನ್ನೇ ಬಿಡುತ್ತಾರೆ, ಇನ್ನು ಕೆಲವರು ಕೆಳಮಿತಿಯನ್ನು 0.2 ಹರ್ಟ್ಜ್‌ಗೆ ಏರಿಸಿ ಚೆಂದದ ಉತ್ತರ ಪಡೆದು ಸಮಾಧಾನಪಡುತ್ತಾರೆ. ಎರಡೂ ತಪ್ಪು. ಆಲಮಟ್ಟಿಯಲ್ಲಿ ಸ್ವೆಲ್ ಇಲ್ಲವೆಂಬುದು ಖಚಿತವಾಗಿರುವುದರಿಂದಲೇ, 0.04ರಿಂದ 0.2 ಹರ್ಟ್ಜ್ ನಡುವೆ ಸ್ಪೆಕ್ಟ್ರಮಿನಲ್ಲಿ ಏನು ಕಂಡರೂ ಅದು ನಿಮ್ಮ ಸಾಧನದ ಸುಳ್ಳು. ಸಮುದ್ರದಲ್ಲಿ ಸುಳ್ಳು ಸ್ವೆಲ್ ನಿಜವಾದ ಸ್ವೆಲ್‌ನ ಬೆನ್ನಿಗೆ ಅಡಗಿಕೊಳ್ಳುತ್ತದೆ, ಬೇರ್ಪಡಿಸಲು ಬರುವುದಿಲ್ಲ. ಹಿಡಕಲ್, ನವಿಲುತೀರ್ಥ ಜಲಾಶಯಗಳಿಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ ಇಲ್ಲಿ ಸಮುದ್ರದ ಮಿತಿಯನ್ನೇ ಇಟ್ಟು ಲೆಕ್ಕ ಹಾಕಿ. 0.2 ಹರ್ಟ್ಜ್‌ಗಿಂತ ಕೆಳಗಿನ ಭಾಗದಿಂದ ಮಾತ್ರ ಬರುವ ಎತ್ತರವನ್ನು ಬೇರೆಯಾಗಿ ತೆಗೆಯಿರಿ. ಅದು 5 ಸೆಂಟಿಮೀಟರ್ ಮೀರಿದರೆ 3ನೇ ಹಂತಕ್ಕೆ ಹಿಂದಿರುಗಿ. ಗಾಳಿ ಜೋರಾಗಿದ್ದಾಗ ಮಾತ್ರ ಈ ಪರೀಕ್ಷೆಗೆ ಅರ್ಥವಿದೆ, ಶಾಂತ ನೀರಿನಲ್ಲಿ ಎಲ್ಲ ಸಾಧನವೂ ಪಾಸಾಗುತ್ತದೆ.

ಜಲಾಶಯದ ಅಧಿಕಾರಿಗಳ ಅನುಮತಿ, ಲೈಫ್ ಜಾಕೆಟ್, ಸ್ಥಳದ ಅಂಬಿಗರೊಬ್ಬರು, ಈ ಮೂರೂ ಇಲ್ಲದೆ ಹೋಗಬೇಡಿ. ಗೇಟುಗಳ ಹತ್ತಿರ ಸುಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಬುರುಡೆ ಕೈತಪ್ಪಿ ತೇಲಿಹೋದರೆ ಅದರ ಹಿಂದೆ ಈಜಲು ಇಳಿಯಬೇಡಿ.

ಹಂತ 8: ದಿಕ್ಕು

ಲಂಬ, ಉತ್ತರ, ಪೂರ್ವ ಮೂರೂ ಚಲನೆಗಳ ನಡುವಿನ ಅಡ್ಡ-ಸ್ಪೆಕ್ಟ್ರಮಿನಿಂದ (ಎರಡು ಚಲನೆಗಳು ಪ್ರತಿ ಆವರ್ತನದಲ್ಲಿ ಒಂದಕ್ಕೊಂದು ಹೇಗೆ ಹೊಂದುತ್ತವೆಂದು ತೋರಿಸುವ ಸ್ಪೆಕ್ಟ್ರಮ್) ಪ್ರತಿ ಆವರ್ತನದ ಸರಾಸರಿ ದಿಕ್ಕು ಸಿಗುತ್ತದೆ. ಅಲೆ ಬರುವ ದಿಕ್ಕನ್ನು ಹೇಳುವುದು ರೂಢಿ. ಲೆಕ್ಕದ ಉತ್ತರ ಹೋಗುವ ದಿಕ್ಕಾಗಿದ್ದರೆ 180 ಡಿಗ್ರಿ ಸೇರಿಸಬೇಕು. ಕಾರವಾರದಲ್ಲಿ ಅಲೆ ಗುಡ್ಡದ ಕಡೆಯಿಂದ ಬರುತ್ತಿದೆ ಎಂದು ಉತ್ತರ ಬಂದರೆ ತಪ್ಪು ಇಲ್ಲಿಯೇ ಇದೆ. ತಳಭಾರದ ಕಬ್ಬಿಣ ಮ್ಯಾಗ್ನೆಟೋಮೀಟರನ್ನು ಕೆಡಿಸುತ್ತದೆ, ಆದ್ದರಿಂದ ದಿಕ್ಕು ಬೇಕಿದ್ದವರು ತಳಭಾರಕ್ಕೆ ಸೀಸವನ್ನೋ ಕಲ್ಲನ್ನೋ ಬಳಸಲಿ.

ಹಂತ 9: ಬುರುಡೆಯ ಬದಲು ದೋಣಿ ಅಥವಾ ದೊಡ್ಡ ತೆಪ್ಪ ಬಳಸುವುದಾದರೆ

ದೊಡ್ಡ ವಸ್ತು ಎಲ್ಲ ಅಲೆಗೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಪ್ರತಿ ಆವರ್ತನದಲ್ಲಿ ಅದು ಅಲೆಯ ಎಷ್ಟು ಪಾಲು ಏರಿಳಿಯುತ್ತದೆಂಬ ಅನುಪಾತವನ್ನು ಮೊದಲು ತಿಳಿದುಕೊಂಡು, ಚಲನೆಯ ಸ್ಪೆಕ್ಟ್ರಮನ್ನು ಆ ಅನುಪಾತದ ವರ್ಗದಿಂದ ಭಾಗಿಸಬೇಕು. ಅನುಪಾತ ತಿಳಿಯುವ ಸುಲಭ ದಾರಿಯೆಂದರೆ, ಪರೀಕ್ಷೆಯಾದ ಚಿಕ್ಕ ಬುರುಡೆಯನ್ನು ಪಕ್ಕದಲ್ಲಿಯೇ ತೇಲಿಬಿಟ್ಟು ಎರಡರ ಸ್ಪೆಕ್ಟ್ರಮನ್ನೂ ಹೋಲಿಸುವುದು. ವಸ್ತುವಿನ ಉದ್ದ ಅಲೆಯ ಉದ್ದದ ಅರ್ಧದಷ್ಟಿದ್ದಾಗ, ಬರೀ ಸರಾಸರಿಯ ಪರಿಣಾಮದಿಂದಲೇ ಅನುಪಾತ ಸುಮಾರು 0.64ಕ್ಕೆ ಇಳಿಯುತ್ತದೆ. ಉದ್ದ ಅಲೆಯಷ್ಟೇ ಆದಾಗ ಸೊನ್ನೆಯ ಹತ್ತಿರ ಬರುತ್ತದೆ. ಅನುಪಾತ 0.3ಕ್ಕಿಂತ ಕಡಿಮೆಯಿರುವಲ್ಲಿ ಭಾಗಿಸುವುದನ್ನು ಬಿಡಿ. ಅಲ್ಲಿ ಸಿಗುವುದು ದೊಡ್ಡದು ಮಾಡಿದ ಗದ್ದಲ ಮಾತ್ರ.

ಓಡುತ್ತಿರುವ ದೋಣಿಯಲ್ಲಿ ಇನ್ನೊಂದು ತೊಡಕಿದೆ. ಅಲೆಗೆ ಎದುರಾಗಿ ಹೋದರೆ ಅಲೆಗಳು ಬೇಗಬೇಗನೆ ಬಂದಂತೆಯೂ ಅಲೆಯ ಜೊತೆಗೆ ಹೋದರೆ ನಿಧಾನವಾದಂತೆಯೂ ಕಾಣುತ್ತವೆ, ಹಾಗಾಗಿ ಅವಧಿಯೇ ಬದಲಾಗಿಬಿಡುತ್ತದೆ. ಎದುರಿನ ಅಲೆಗೆ ಇದನ್ನು ಲೆಕ್ಕದಲ್ಲಿ ತಿದ್ದಬಹುದು. ಹಿಂದಿನಿಂದ ಬರುವ ಅಲೆಯಲ್ಲಿ ಬೇರೆ ಬೇರೆ ಅವಧಿಯ ಅಲೆಗಳು ಒಂದೇ ಅವಧಿಯವೆಂಬಂತೆ ಕಾಣುವುದರಿಂದ ಒಂದೇ ಉತ್ತರವಿರುವುದಿಲ್ಲ. ಎಂಜಿನ್ ನಿಲ್ಲಿಸಿ ಅಳೆಯುವುದೇ ಜಾಣತನ.

ಹಂತ 10: ಕಾರವಾರದಲ್ಲಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ತಿಂಗಳುಗಳು. ಮಳೆಗಾಲ ಮುಗಿಯುವವರೆಗೆ ಸಮುದ್ರದ ಪರೀಕ್ಷೆಯನ್ನು ಯೋಚಿಸಲೇಬೇಡಿ. ಬುರುಡೆಯನ್ನು ಬಿಗಿ ಹಗ್ಗದಿಂದ ಲಂಗರಿಗೆ ಕಟ್ಟಿದರೆ ಪ್ರತಿ ಶಿಖರದಲ್ಲಿಯೂ ಹಗ್ಗ ಅದನ್ನು ಕೆಳಗೆ ಎಳೆಯುತ್ತದೆ. ಗ್ರಾಫಿನಲ್ಲಿ ಶಿಖರಗಳು ಚಪ್ಪಟೆಯಾಗಿದ್ದರೆ ಇದೇ ಗುರುತು. ನಡುವೆ ಉದ್ದನೆಯ ರಬ್ಬರ್ ಹಗ್ಗ ಸೇರಿಸಿ, ಇಲ್ಲವೇ ಸಡಿಲ ಹಗ್ಗದಲ್ಲಿ ದೋಣಿಯಿಂದ ದೂರ ತೇಲಿಬಿಡಿ.

ಪ್ರತಿ ದಾಖಲೆಗೂ ಲಂಬ ಚಲನೆಯನ್ನು ಒಟ್ಟು ಅಡ್ಡ ಚಲನೆಯೊಂದಿಗೆ ಹೋಲಿಸಿ ನೋಡಿ. ಆಳ ನೀರಿನಲ್ಲಿ ಎರಡೂ ಸಮನಾಗಿರಬೇಕು. ದಡಕ್ಕೆ ಹತ್ತಿರ, 10 ಮೀಟರ್ ಆಳದಲ್ಲಿ, 10 ಸೆಕೆಂಡಿನ ಅಲೆಗೆ ಅಡ್ಡ ಚಲನೆಯೇ ಲಂಬಕ್ಕಿಂತ ಸುಮಾರು 1.7 ಪಟ್ಟು ಇರುತ್ತದೆ. ಇದು ದೋಷವಲ್ಲ, ಅಲೆ ತಳವನ್ನು ಮುಟ್ಟಿದ ಲಕ್ಷಣ. ಅಲ್ಲಿ 1.56ರ ಸೂತ್ರವೂ ನಡೆಯುವುದಿಲ್ಲ, ಅಲೆಯ ಉದ್ದ 156 ಮೀಟರ್ ಇರದೆ ಸುಮಾರು 92 ಮೀಟರ್ ಇರುತ್ತದೆ. ಆದರೆ ಅನುಪಾತ ಎರಡೂ ಲೆಕ್ಕಕ್ಕೆ ಸಿಗದೆ, ಕೆಳ ಆವರ್ತನಗಳಲ್ಲಿ ಲಂಬ ಚಲನೆಯೇ ಹಲವು ಪಟ್ಟು ಹೆಚ್ಚಾಗಿದ್ದರೆ ಆ ಭಾಗವನ್ನು ತಿರಸ್ಕರಿಸಿ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಗೆ ಪ್ರಕಟಿಸುವ ಸಮುದ್ರ ಸ್ಥಿತಿಯ ಮುನ್ಸೂಚನೆಯ ಜೊತೆ ನಿಮ್ಮ ಎತ್ತರ ಮತ್ತು ಅವಧಿಯನ್ನು ಹೋಲಿಸಿ. ದಡದ ಹತ್ತಿರದ ಅಳತೆ ಅದರೊಂದಿಗೆ ತಂತಾನೇ ಕೂಡಿಬರಬೇಕೆಂದಿಲ್ಲ. ಆದರೆ ಅವಧಿ ಎರಡು ಪಟ್ಟು ವ್ಯತ್ಯಾಸವಾದರೆ ಸಮಯದ ಮುದ್ರೆಗಳನ್ನು ಮತ್ತೆ ತಪಾಸಿಸಬೇಕು. ಮಧ್ಯಾಹ್ನದ ಕಡಲಗಾಳಿ ಎದ್ದ ಮೇಲೆ ಸ್ಪೆಕ್ಟ್ರಮಿನಲ್ಲಿ ಎರಡು ಗುಡ್ಡಗಳು, ಒಂದು ದೂರದ ಸ್ವೆಲ್‌ನದು ಮತ್ತೊಂದು ಸ್ಥಳದ ಗಾಳಿಯ ಅಲೆಯದು, ಕಾಣುವುದು ಸಾಮಾನ್ಯ. ಆಗ ಒಂದೇ ಅವಧಿಯನ್ನು ಬರೆಯದೆ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ. ವರದಿಯಲ್ಲಿ ಎತ್ತರದ ಪಕ್ಕದಲ್ಲಿ ದಾಖಲೆಯ ಉದ್ದ, ಕೆಳಮಿತಿ, ನೀರಿನ ಆಳ ಮತ್ತು ಆಲಮಟ್ಟಿಯಲ್ಲಿ ಸಿಕ್ಕ ಸುಳ್ಳು ಎತ್ತರ ಇರಲಿ. ಅರ್ಧ ಗಂಟೆಯ ಒಂದು ದಾಖಲೆಯಿಂದ ಬರುವ ಎತ್ತರ ಶೇಕಡಾ 5ರಿಂದ 10ರಷ್ಟು ಅತ್ತಿತ್ತ ಆಗುವುದು ಸಹಜವಾದ್ದರಿಂದ, ಮೀಟರಿನ ಎರಡನೇ ದಶಮಾಂಶ ಸ್ಥಾನವನ್ನು ಬರೆಯುವ ಅಗತ್ಯವಿಲ್ಲ.